ಸೊಲಾಂಜ್ ಕೇಳಿದ ಸದ್ದು

ಸೊಲಾಂಜ್ ಪೆರುಶೋ ಹೆದರುವ ಹೆಂಗಸಲ್ಲ. ಇಪ್ಪತ್ತಾರು ವರ್ಷ ಫ್ರಾನ್ಸಿನ ಈ ಮೊರ್ವಾಂ ಕಾಡಿನ ಹಳ್ಳಿಗಳಿಗೆ ಅಂಚೆ ಹಂಚಿದವಳು. ಕಚ್ಚುವ ನಾಯಿ, ಕುಡಿದು ಬಂದೂಕು ತೋರಿಸುವ ಮುದುಕ, ಮೂರು ದಿನ ಬಾಗಿಲು ತೆರೆಯದ ಮನೆಯೊಳಗಿನ ವಾಸನೆ, ಎಲ್ಲವನ್ನೂ ಕಂಡಿದ್ದಳು. ಗಂಡ ಬಿಟ್ಟುಹೋದ ಮೇಲೆ ಒಬ್ಬಳೇ ಮನೆಗೆ ಹೆಂಚು ಹೊದಿಸಿದಳು. ಯಾರಾದರೂ ದೆವ್ವದ ಮಾತೆತ್ತಿದರೆ ಮೂಗಿನಲ್ಲಿ ನಗುತ್ತಿದ್ದಳು.

ನಿವೃತ್ತಿಯಾದ ಮೇಲೆ ಅವಳಿಗೊಂದು ಹೊಸ ಕೆಲಸ ಸಿಕ್ಕಿತು. ಸುತ್ತಲಿನ ಊರುಗಳು ಒಟ್ಟುಗೂಡಿ, ಕಾಡಿನೊಳಗಿನ ಹಳೆಯ ಗಾಡಿದಾರಿಗಳನ್ನೂ ಮರ ಸಾಗಿಸುವ ದಾರಿಗಳನ್ನೂ ಜೋಡಿಸಿ ಸೈಕಲ್ ಸವಾರರಿಗಾಗಿ ನೂರನಲವತ್ತು ಕಿಲೋಮೀಟರಿನ ಒಂದು ಸುತ್ತು ಮಾಡಿದ್ದವು. ಟಾರಿಲ್ಲ, ಕಾರಿಲ್ಲ. ಜಲ್ಲಿ, ಮಣ್ಣು, ಉದುರಿದ ಎಲೆ. ಆ ದಾರಿಯನ್ನು ನೋಡಿಕೊಳ್ಳುವುದು ಸೊಲಾಂಜಳ ಕೆಲಸ. ದಪ್ಪ ಟಯರಿನ ಸೈಕಲ್ಲಿನ ಹಿಂದೆ ಮಡಚುವ ಗರಗಸ, ಸುತ್ತಿಗೆ, ಬಾಣದ ಗುರುತಿನ ಹಲಗೆಗಳನ್ನು ಕಟ್ಟಿಕೊಂಡು ಹೊರಡುವಳು. ಬಿದ್ದ ಕೊಂಬೆ ಕಡಿದು, ಮುಳ್ಳುಕಂಟಿ ಸವರಿ, ಸಂಜೆಗೆ ನನ್ನ ಕೆಫೆಗೆ ಬಂದು ಒಂದು ಲೋಟ ಬಿಳಿ ವೈನ್ ಕುಡಿದು ಮನೆಗೆ ಹೋಗುವಳು.

"ದಿನವಿಡೀ ಒಬ್ಬ ಮನುಷ್ಯನ ಮುಖಾನೂ ನೋಡಲ್ಲ ರೆಮಿ," ಎನ್ನುವಳು ನನಗೆ. "ಅಂಚೆ ಕೆಲಸದಲ್ಲಿ ಈ ಸುಖ ಎಲ್ಲಿತ್ತು?"

ಅವಳ ಸುತ್ತಿನಲ್ಲಿ ಒಂದು ಕಡೆ ಮಾತ್ರ ನನಗೆ ಯಾವತ್ತೂ ಇಷ್ಟವಿಲ್ಲ. ಹಿಂದೆ ಅಲ್ಲಿ ಓಕ್ ಮತ್ತು ಬೀಚ್ ಮರಗಳ ಕಾಡಿತ್ತು. ಅದನ್ನು ಬೋಳಿಸಿ ಡಗ್ಲಸ್ ಎಂಬ ಸೂಜಿಯೆಲೆಯ ಮರಗಳನ್ನು ಸಾಲುಸಾಲಾಗಿ ನೆಟ್ಟಿದ್ದಾರೆ. ಎಷ್ಟು ಒತ್ತಾಗಿ ಎಂದರೆ ನಡುಹಗಲಲ್ಲೂ ಒಳಗೆ ಮಬ್ಬು. ನೆಲದಲ್ಲಿ ಹುಲ್ಲಿಲ್ಲ, ಮೇಲೆ ಹಕ್ಕಿಯಿಲ್ಲ. ದಾರಿಯ ಎಡಕ್ಕೆ ಆ ಸಾಲುಗಳು, ಬಲಕ್ಕೆ ಜರಿಗಿಡ ತುಂಬಿದ ಇಳಿಜಾರು, ಅದರ ತಳದಲ್ಲಿ ಒಂದು ತೊರೆ. ಐವತ್ತಾರನೇ ಇಸವಿಯ ಹಿಮದಲ್ಲಿ ಆನ್ಸೆಲ್ಮ್ ಎಂಬ ಅಂಚೆಯವನು ಸೈಕಲ್ ಸಮೇತ ಕಾಣೆಯಾದದ್ದು ಅಲ್ಲಿಯೇ. ಹಿಮ ಕರಗಿದ ಮೇಲೆ ಹೆಣವಾಗಿ ಸಿಕ್ಕನಂತೆ. ಮಂಜು ಬಿದ್ದ ದಿನ ಅವನ ಸೈಕಲ್ಲಿನ ಟಿಕ್ ಟಿಕ್ ಕೇಳುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ನವೆಂಬರಿನ ಒಂದು ಬುಧವಾರ ಸಂಜೆ ನಾಲ್ಕರ ಸುಮಾರಿಗೆ ಸೊಲಾಂಜ್ ಕೆಫೆಯ ಬಾಗಿಲು ತಳ್ಳಿ ಒಳಬಂದಳು. ಹೆಲ್ಮೆಟ್ ಕೂಡ ತೆಗೆಯದೆ ಒಲೆಯ ಪಕ್ಕ ನಿಂತಳು. ಒಳಗಿದ್ದದ್ದು ನಾನು ಮತ್ತು ಮರ ಕಡಿದೇ ಬೆನ್ನು ಬಾಗಿಸಿಕೊಂಡ ಮುದುಕ ಲೂಸ್ಯೆನ್.

"ಏನೇ, ಕಾಡುಹಂದಿ ಗುದ್ದಿತಾ?" ಎಂದ ಲೂಸ್ಯೆನ್.

"ಗುದ್ದಿದ್ರೆ ಚೆನ್ನಾಗಿತ್ತು. ರೆಮಿ, ವೈನ್ ಬೇಡ. ಪ್ಲಮ್ ಸಾರಾಯಿ ಕೊಡು."

ಅವಳು ಸಾರಾಯಿ ಕೇಳಿದ್ದನ್ನು ನಾನು ಮೊದಲ ಸಲ ನೋಡಿದ್ದು. ಒಂದೇ ಗುಟುಕಿಗೆ ಕುಡಿದು ಹೇಳಿದಳು: "ಡಗ್ಲಸ್ ಸಾಲಿನ ಹತ್ರ ಹಿಂದಿಂದ ಯಾರೋ ಸೈಕಲ್ಲಲ್ಲಿ ಬರೋ ಸದ್ದು. ಪೆಡಲ್ ತುಳೀದೆ ಹಾಗೇ ಬಿಟ್ಕೊಂಡು ಬಂದ್ರೆ ಫ್ರೀವೀಲ್ ಟಿಕ್ ಟಿಕ್ ಅನ್ನತ್ತಲ್ಲ, ಅದು. ದಾರಿ ಬಿಟ್ಟು ಪಕ್ಕಕ್ಕೆ ನಿಂತೆ. ಯಾರೂ ಬರ್ಲಿಲ್ಲ. ಸದ್ದು ಮಾತ್ರ ಹಾಗೇ ಇತ್ತು. ಮಂಜಲ್ಲಿ ಯಾವ ಕಡೆಯಿಂದ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಒಂದು ಸಲ ಎಡಗಡೆ ಅನ್ಸುತ್ತೆ, ಒಂದು ಸಲ ಕಾಲಡೀಲೇ ಅನ್ಸುತ್ತೆ. ಹತ್ತು ನಿಮಿಷ ನಿಂತಿದ್ದೆ."

"ಆಮೇಲೆ?"

"ಆಮೇಲೇನು? ಓಡಿ ಬಂದೆ."

ಲೂಸ್ಯೆನ್ ಮೇಜು ಬಡಿದು ನಕ್ಕ. "ಆನ್ಸೆಲ್ಮ್ ಕಣೇ! ಅವನ ದಾರೀಲಿ ಇಪ್ಪತ್ತಾರು ವರ್ಷ ಕಾಗದ ಹಂಚಿದವಳು ನೀನಲ್ವಾ? ನನ್ನ ಕೆಲಸ ವಾಪಸ್ ಕೊಡು ಅಂತ ಬಂದಿದಾನೆ ಪಾಪ!"

ನಾನೂ ನಕ್ಕೆ. ಸೊಲಾಂಜಳ ತುಟಿಯೂ ಸ್ವಲ್ಪ ಅರಳಿತು. ಸದ್ದು ಹೇಗಿತ್ತೆಂದು ತೋರಿಸಲು ಖಾಲಿ ಲೋಟದ ಮೇಲೆ ಉಗುರಿನಿಂದ ಬಡಿಯತೊಡಗಿದಳು. ಟಿಕ್, ಟಿಕ್, ಟಿಕ್, ಟಿಕ್.

"ಜೋರಾಗ್ಲಿಲ್ವಾ? ನಿಧಾನ ಆಗ್ಲಿಲ್ವಾ?" ಎಂದು ಕೇಳಿದೆ. ಸುಮ್ಮನೆ ಕೇಳಿದ್ದು.

"ಇಲ್ಲ. ಒಂದೇ ಸಮ."

ಅವಳ ಉಗುರು ನಿಂತಿತು. "ರೆಮಿ, ಆ ದಾರಿ ಏರೂ ಇದೆ, ಇಳಿಜಾರೂ ಇದೆ. ಮನುಷ್ಯ ಕೂತಿರೋ ಸೈಕಲ್ ಹಾಗೆ ಒಂದೇ ಸಮ ಕೇಳಲ್ಲ. ಅದರ ಮೇಲೆ ಯಾರೂ ಇರ್ಲಿಲ್ಲ. ಎಲ್ಲೋ ಒಂದು ಚಕ್ರ ಮಾತ್ರ ತಿರುಗ್ತಿದೆ."

ಅವಳು ಬಾಗಿಲ ಕಡೆ ತಿರುಗಿದಳು. ಹೊರಗೆ ಆಗಲೇ ಬೆಳಕು ಸೋರಿಹೋಗಿತ್ತು. ಮಂಜು ಕಿಟಕಿಯ ಗಾಜಿಗೆ ಅಂಟಿಕೊಂಡಿತ್ತು.

"ಈಗ ಹೋದ್ರೆ ನಾವೇ ಕಣಿವೆಗೆ ಬೀಳ್ತೀವಿ. ಏನೋ ಹಳೇ ತಗಡು ಗಾಳಿಗೆ ಬಡೀತಿರತ್ತೆ. ಬೆಳಿಗ್ಗೆ ನೋಡೋಣ."

ಹಾಗೆಂದವನು ನಾನು, ಅವಳಲ್ಲ. ಗಾಳಿಯೇ ಇಲ್ಲದ ದಿನ ಗಾಳಿಯ ಹೆಸರು ಹೇಳಿದವನೂ ನಾನೇ.

ಬೆಳಿಗ್ಗೆ ನನ್ನ ವ್ಯಾನಿನಲ್ಲಿ ಕಾಡಿನ ಗೇಟಿನವರೆಗೆ ಹೋಗಿ, ಅಲ್ಲಿಂದ ನಡೆದೆವು. ಮಂಜು ಕಡಿಮೆಯಾಗಿರಲಿಲ್ಲ. ಡಗ್ಲಸ್ ಸಾಲುಗಳ ಹತ್ತಿರ ಬರುತ್ತಿದ್ದಂತೆ ನಮ್ಮ ಹೆಜ್ಜೆಯ ಸದ್ದು ಕೂಡ ಮೆತ್ತಗಾಯಿತು. ಸೊಲಾಂಜ್ ಕೈಯೆತ್ತಿ ನನ್ನನ್ನು ನಿಲ್ಲಿಸಿದಳು.

ಟಿಕ್, ಟಿಕ್, ಟಿಕ್, ಟಿಕ್.

ನಿಜ ಹೇಳುತ್ತೇನೆ, ನನ್ನ ಕಾಲು ತಾನಾಗಿಯೇ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಆ ಸದ್ದಿನಲ್ಲಿ ಅವಸರವಿರಲಿಲ್ಲ, ದಣಿವಿರಲಿಲ್ಲ. ಇಡೀ ಕಾಡು ಉಸಿರು ಬಿಗಿಹಿಡಿದು ಅದೊಂದನ್ನೇ ಕೇಳುತ್ತಿರುವಂತೆ ಇತ್ತು. ಸೊಲಾಂಜಳ ಹಲ್ಲು ಕಟಕಟ ಎನ್ನುತ್ತಿದ್ದವು. ಆದರೂ ಅವಳು ಜರಿಗಿಡಗಳನ್ನು ಸರಿಸಿ, ಬಲಗಡೆಯ ಇಳಿಜಾರಿಗೆ ಕಾಲಿಟ್ಟಳು. ನಾನು ಬೇರುಗಳನ್ನು ಹಿಡಿದುಕೊಂಡು ಹಿಂದೆ ಇಳಿದೆ.

ತಳದಲ್ಲಿ ತೊರೆ ಒಂದು ಬಂಡೆಯಿಂದ ಮೊಣಕಾಲೆತ್ತರ ಕೆಳಗೆ ಧುಮುಕುತ್ತಿತ್ತು. ಅಲ್ಲಿ ಒಂದು ಸೈಕಲ್ಲನ್ನು ತಲೆಕೆಳಗಾಗಿ ಕಲ್ಲುಗಳ ನಡುವೆ ಸಿಕ್ಕಿಸಿಡಲಾಗಿತ್ತು. ಹಿಂದಿನ ಚಕ್ರದ ಕಡ್ಡಿಗಳಿಗೆ ನೀಲಿ ಮಳೆಕೋಟಿನ ಚೂರುಗಳನ್ನು ಬಿಗಿಯಾಗಿ ಕಟ್ಟಲಾಗಿತ್ತು. ಬೀಳುವ ನೀರು ಆ ಚೂರುಗಳಿಗೆ ಬಡಿದು, ಗಿರಣಿಯ ಚಕ್ರವನ್ನು ತಿರುಗಿಸುವಂತೆ ಅದನ್ನು ತಿರುಗಿಸುತ್ತಿತ್ತು.

ಮನುಷ್ಯ ನಾಲ್ಕು ಮಾರು ಆಚೆ, ಎಲೆಯ ರಾಶಿಯೊಳಗೆ ಕುತ್ತಿಗೆವರೆಗೆ ಹುದುಗಿದ್ದ. ಮುಖ ಬೂದಿಯ ಬಣ್ಣ. ಕಣ್ಣು ತೆರೆದೇ ಇದ್ದವು, ರೆಪ್ಪೆ ಅಲುಗುತ್ತಿರಲಿಲ್ಲ. ಸತ್ತಿದ್ದಾನೆ ಎಂದುಕೊಂಡೆ. ಆಗ ಆ ಕಣ್ಣು ಸೊಲಾಂಜಳ ಕಡೆ ಹೊರಳಿದವು.

"ಮಾದಾಮ್," ಎಂದ. ದನಿಯಲ್ಲ, ಬರೀ ಉಸಿರು. "ನಿನ್ನೆ ನೀವು ಮೇಲೆ ನಿಂತಿದ್ರಿ ಅಲ್ವಾ? ಕೆಂಪು ಕೋಟು. ತುಂಬ ಹೊತ್ತು ನಿಂತಿದ್ರಿ. ನಾನು ಕೂಗ್ದೆ. ಬಾಯಿ ತೆರೀತು, ಸದ್ದೇ ಬರ್ಲಿಲ್ಲ."

ಸೊಲಾಂಜ್ ತನ್ನ ಕೆಂಪು ಕೋಟನ್ನು ಬಿಚ್ಚಿ ಅವನ ಮೇಲೆ ಹೊದಿಸಿ, ಪಕ್ಕದಲ್ಲಿ ಕೂತು ಅವನ ಕೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡಳು. ನಾನು ಫೋನಿಗೆ ಸಿಗ್ನಲ್ ಸಿಗುವ ದಿಣ್ಣೆಯವರೆಗೆ ಓಡಿದೆ. ಅಗ್ನಿಶಾಮಕ ದಳದವರು ಹಗ್ಗ, ಸ್ಟ್ರೆಚರ್ ತೆಗೆದುಕೊಂಡು ಬರುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ಅವಳು ಅಲುಗಿರಲಿಲ್ಲ.

ಅವನ ಹೆಸರು ಬಸ್ತ್ಯಾಂ. ದಿಜೋಂ ನಗರದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ಮೇಷ್ಟ್ರು. ನಾಲ್ಕು ದಿನ ಒಬ್ಬನೇ ಸುತ್ತಿ ಬರುತ್ತೇನೆಂದು ಹೊರಟಿದ್ದರಿಂದ ಯಾರೂ ಹುಡುಕುತ್ತಿರಲಿಲ್ಲ. ಮಂಗಳವಾರ ಬೆಳಿಗ್ಗೆ ಮರ ಸಾಗಿಸುವ ಯಂತ್ರಗಳು ಕೊರೆದ ಹಳ್ಳಕ್ಕೆ ಮುಂದಿನ ಚಕ್ರ ಸಿಕ್ಕಿ ಕೆಳಗೆ ಉರುಳಿದ್ದ. ತೊಡೆಯ ಮೂಳೆ ಮುರಿದಿತ್ತು, ಫೋನ್ ಚೂರಾಗಿತ್ತು. ಕೂಗಿ ಕೂಗಿ ಗಂಟಲು ಹೋದ ಮೇಲೆ, ಮುರಿದ ಕಾಲನ್ನು ಎಳೆದುಕೊಂಡೇ ಆ ಚಕ್ರವನ್ನು ನೀರಿಗೆ ಒಡ್ಡಿದ್ದ. ನಿದ್ದೆ ಬಂದರೂ ತಾನು ಸತ್ತರೂ ಅದು ಕೂಗುತ್ತಲೇ ಇರುತ್ತದೆ ಎಂದು.

ಡಾಕ್ಟರು ಕಾಲು ಉಳಿಸಿದರು. ಚಳಿಗೆ ಮರಗಟ್ಟಿದ್ದ ಎರಡು ಕಾಲ್ಬೆರಳು ಹೋದವು. ಬೇಸಿಗೆಯಲ್ಲಿ ಅವನು ಊರುಗೋಲು ಹಿಡಿದು ಕೆಫೆಗೆ ಬಂದ. ಸೊಲಾಂಜಳ ಎರಡೂ ಕೆನ್ನೆಗೆ ಮುತ್ತಿಟ್ಟು, "ನೀವು ಬಂದ್ರಿ. ನಂಗೆ ಅಷ್ಟೇ ಗೊತ್ತು," ಎಂದ.

"ಮೊದಲು ಓಡಿಹೋದೆ. ಅದೂ ಗೊತ್ತಿರ್ಲಿ," ಎಂದಳು ಅವಳು.

ಅಲ್ಲಿಂದ ಮುಂದೆ ಸೊಲಾಂಜಳದೊಂದು ಹೊಸ ಅಭ್ಯಾಸ. ದಾರಿ ಕಣಿವೆಯ ಅಂಚಿಗೆ ಬಂದ ಕಡೆಯಲ್ಲೆಲ್ಲ ಸೈಕಲ್ ಇಳಿದು, "ಯಾರಾದ್ರೂ ಇದೀರಾ?" ಎಂದು ಕೂಗುವಳು. ಸ್ವಲ್ಪ ಹೊತ್ತು ಕಾಯುವಳು. ಆಮೇಲೆ ಹತ್ತುವಳು. ಸುತ್ತು ಮುಗಿಸಲು ದುಪ್ಪಟ್ಟು ಹೊತ್ತು ಹಿಡಿಯುತ್ತಿತ್ತು. ಎದುರು ಸಿಕ್ಕ ಸವಾರರು ಹುಚ್ಚಿ ಎಂದುಕೊಂಡರು.

ಹೀಗೇ ಎರಡು ವರ್ಷ ಕಳೆಯಿತು. ಹೋದ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಕೆಫೆಗೆ ಬಂದು, ಹೆದರಿಕೆಯೇ ಇಲ್ಲದ ದನಿಯಲ್ಲಿ ಹೇಳಿದಳು: "ಇವತ್ತು ಡಗ್ಲಸ್ ಸಾಲಿನ ಹತ್ರ ಕೂಗ್ದೆ. 'ಇದೀನಿ' ಅಂತು."

ಲೂಸ್ಯೆನ್ ಲೋಟ ಕೆಳಗಿಟ್ಟ. "ಯಾರು?"

"ಗಂಡಸಿನ ದನಿ. ಕೂಗಿದ್ದಲ್ಲ. ಪಕ್ಕದಲ್ಲಿ ಕೂತು ಮಾತಾಡ್ದ ಹಾಗೆ. ಕಣಿವೆ ಕಡೆಯಿಂದ ಅಲ್ಲ, ಸಾಲುಗಳ ಒಳಗಿಂದ. ಎರಡು ಗಂಟೆ ಹುಡುಕ್ದೆ. ಯಾರೂ ಇಲ್ಲ."

ಈ ಸಲ ನಾಳೆ ನೋಡೋಣ ಎಂದು ನಾನು ಹೇಳಲಿಲ್ಲ. ಆಗಲೇ ಫೋನ್ ಮಾಡಿದೆ. ಪೊಲೀಸರು ನಾಯಿಗಳನ್ನು ತಂದು ಎರಡು ದಿನ ಸಾಲುಸಾಲನ್ನೂ ಜಾಲಾಡಿದರು. ನಾಯಿಗಳು ಒಳಗೆ ಹೋಗಿ, ಗುರುತಿನವರು ಸಿಕ್ಕ ಹಾಗೆ ಬಾಲ ಅಲ್ಲಾಡಿಸುತ್ತ ಹೊರಬಂದವು. ಏನೂ ಸಿಗಲಿಲ್ಲ. ಸುತ್ತಮುತ್ತ ಕಾಣೆಯಾದವರೂ ಯಾರೂ ಇರಲಿಲ್ಲ.

ಸೈಕಲ್ ದಾರಿಯನ್ನು ಆ ಕಡೆಯಿಂದ ತಪ್ಪಿಸಿ ಬೇರೆ ಕಡೆ ತಿರುಗಿಸೋಣ ಎಂದರು ಊರಿನ ಮೇಯರ್. ಸಭೆಯಲ್ಲಿ ಸೊಲಾಂಜ್ ಎದ್ದು ನಿಂತಳು.

"ಒಬ್ಬರು ಇದೀನಿ ಅಂದ ಮೇಲೆ ದಾರಿ ಬದಲಾಯಿಸೋದಾ?"

ದಾರಿ ಇದ್ದಲ್ಲೇ ಇದೆ. ವಾರಕ್ಕೊಮ್ಮೆ ಅವಳು ಹೋಗುತ್ತಾಳೆ, ಈಗ ಲೂಸ್ಯೆನ್ ಗೇಟಿನವರೆಗೆ ಬಂದು ಅವಳು ವಾಪಸಾಗುವವರೆಗೆ ಮರದ ದಿಮ್ಮಿಯ ಮೇಲೆ ಕೂತಿರುತ್ತಾನೆ. ಮತ್ತೆ ಉತ್ತರ ಬಂದಿತೇ ಎಂದು ನಾನು ಕೇಳಿಲ್ಲ. ಅವಳೂ ಹೇಳಿಲ್ಲ.