ನಳ ಬಂದಾಗ ಕೂಗುವವಳು

ಕುಷ್ಟಗಿಯಲ್ಲಿ ನನ್ನನ್ನು ಮೊದಲು ಕೂಗಿ ಕರೆದ ಹೆಂಗಸು ಸತ್ತು ಎಷ್ಟೋ ವರ್ಷವಾಗಿದೆ ಎಂದು ನನಗೆ ತಿಳಿಸಿದವನು ಪ್ಲಂಬರ್.

ನಾನು ಕುಂದಾಪುರದವಳು. ನಮ್ಮಲ್ಲಿ ನೀರು ಬೇಡವೆಂದರೂ ಅಂಗಳಕ್ಕೆ ಬರುತ್ತದೆ. ಶಾಲೆಗೆ ವರ್ಗವಾಗಿ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ನಲ್ಲಿಗೆ ಇಲ್ಲಿ ನಳ ಎನ್ನುತ್ತಾರೆ, ಅದು ವಾರಕ್ಕೊಮ್ಮೆ ಮನಸ್ಸು ಬಂದಾಗ ಬರುವ ನೆಂಟ. ತಪ್ಪಿಸಿಕೊಂಡರೆ ಮುಂದಿನ ಸರದಿಯವರೆಗೆ ಕಂಡವರ ಬಾಗಿಲಲ್ಲಿ ಕೊಡ ಹಿಡಿದು ನಿಲ್ಲಬೇಕು. ಅದಕ್ಕೇ ಓಣಿಯಲ್ಲೊಂದು ಪದ್ಧತಿ: ನೀರು ಕಂಡವಳು ಪಕ್ಕದ ಮನೆಗೆ ಕೂಗಬೇಕು, ಅವಳು ಅದರಾಚೆಯ ಮನೆಗೆ. ನನಗೆ ಬಚ್ಚಲ ಗೋಡೆಯ ಹಿಂದಿನಿಂದ ಒಬ್ಬ ಮುದುಕಿ ಕೂಗುತ್ತಿದ್ದಳು.

"ಅಕ್ಕೋರ, ನಳಾ ಬಂದಾವ್ರೀ!"

ಅಕ್ಕೋರು ಎಂದರೆ ಟೀಚರು. ಪಕ್ಕದ ನೀಲವ್ವನಿಗೆ ನಾನು ಬಾಗಿಲು ತಟ್ಟಿ ಹೇಳುತ್ತಿದ್ದೆ. ಕೂಗಲು ನಾಚಿಕೆ, ನನ್ನ ಕರಾವಳಿಯ ಕನ್ನಡಕ್ಕೆ ಮಕ್ಕಳೇ ನಗುತ್ತಿದ್ದರು. ಶಾಲೆಯಾಚೆ ಯಾರೂ ಮಾತಾಡಿಸದ ಆ ದಿನಗಳಲ್ಲಿ ಮುದುಕಿಯ ಕೂಗೊಂದೇ ನನಗೆ ಈ ಊರು.

ಮಳೆಯಿಲ್ಲದ ಊರಲ್ಲಿ ಬಚ್ಚಲ ಗೋಡೆ ಪಾಚಿಗಟ್ಟತೊಡಗಿತು. ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡುವ ಮಾಲೀಕರು ಫೋನಿನಲ್ಲಿ, "ನೀವ ಮಾಡಸ್ರಿ ಅಕ್ಕೋರ, ಬಾಡಿಗ್ಯಾಗ ಮುರ್ಕೋರಿ" ಎಂದರು. ಪ್ಲಂಬರ್ ಮೌಲಾಸಾಬ್ ಬಂದು ಗೋಡೆಯ ಸಿಮೆಂಟಿನ ಗಿಲಾವು ಕೆತ್ತಿದ. ಗೋಡೆ ತೂರಿ ಹಿಂದಿನ ಮನೆಗೆ ಹೋಗುವ ಹಳೆಯ ಕಬ್ಬಿಣದ ಪೈಪು ಸೋರುತ್ತಿತ್ತು.

"ಇದನ್ನ ಬಂದ್ ಮಾಡಿಬಿಡ್ಲೇನ್ರಿ?"

"ಹಿಂದಿನ ಮನೆಯವರಿಗೆ ನೀರು?"

"ಅಲ್ಲಿ ಯಾರ ಅದಾರ್ರಿ?"

"ನನ್ನನ್ನು ಕೂಗುವ ಅಜ್ಜಿ."

ಪೈಪು ತಿರುವುತ್ತಿದ್ದ ಅವನ ಕೈಯ ಪಾನಾ ನಿಂತಿತು. "ಶಾಂತವ್ವ ಹೋಗಿ ಭಾಳ ವರ್ಷ ಆತ್ರಿ. ಆ ಮನಿ ಕೀಲಿ ಯಾರೂ ತೆಗದಿಲ್ಲ."

ಹೆದರಿದವರ ಮೇಲೆ ಹಾವು ಎಸೆದಂತಾಯಿತು. ಕೂಗು ಬರುತ್ತಿದ್ದುದು ಈ ಪೈಪಿನೊಳಗಿಂದಲೇ ಇರಬೇಕು. ಮುಚ್ಚಿದರೆ ನನ್ನನ್ನು ಕರೆಯುವವರಿಲ್ಲ, ಬಿಟ್ಟರೆ ಆ ಬಚ್ಚಲಲ್ಲಿ ಒಬ್ಬಳೇ ಸ್ನಾನ ಮಾಡಬೇಕು. ನನಗೆ ಧೈರ್ಯ ಸಾಲಲಿಲ್ಲ, ಮುಚ್ಚು ಎಂದೆ.

ಅವನು ಪೈಪನ್ನು ಕತ್ತರಿಸಿ, ಅದರ ಬಾಯಿಗೆ ಬಾಗಿ ಮೆಲ್ಲಗೆ ಹೇಳಿದ: "ಯವ್ವಾ, ಬಂದ್ ಮಾಡ್ತೀನಿ." ಒಳಗಿನಿಂದ ಉದ್ದಕ್ಕೆ ಗಾಳಿ ಬಂತು. ಪೈಪಿನಲ್ಲಿ ಗಾಳಿ ಇದ್ದೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಗೋಡೆಯ ಕೆಲಸಕ್ಕೆ ಮಜೂರಿ ಎಣಿಸಿಕೊಂಡ. ಪೈಪು ಮುಚ್ಚಿದ್ದಕ್ಕೆ ಮಾತ್ರ ಕೈ ಚಾಚಲಿಲ್ಲ. "ಬ್ಯಾಡ್ರಿ. ಆಕಿ ನಮ್ಮನಿಗೂ ಕೂಗ್ತಿದ್ಲು," ಎಂದ.

ಮುಂದಿನ ಸರದಿ ಭಾನುವಾರ ಮಧ್ಯಾಹ್ನ ಬಂತು. ನಳ ತಾನಾಗಿ ಸುಯ್ಗುಟ್ಟಿ ನೀರು ಸುರಿಯಿತು, ಗೋಡೆ ಸುಮ್ಮನಿತ್ತು. ಹೆದರಿಕೆ ಕಳೆಯುತ್ತದೆ ಎಂದುಕೊಂಡಿದ್ದೆ, ಬಂದದ್ದು ಅಳು. ಕೊಡ ಇಟ್ಟು ಹಿತ್ತಲಿಗೆ ಹೋದೆ. ನೀಲವ್ವನ ಬಾಗಿಲು ತಟ್ಟುವುದು ಮರೆತೇಹೋಯಿತು. ಗಂಟಲು ತಾನಾಗಿ ತೆರೆದುಕೊಂಡಿತು:

"ನೀಲವ್ವಾ, ನಳಾ ಬಂದಾವ ಬಾರಽ!"

ದನಿ ಒಡೆದಿತ್ತು, ಮುದಿಯಾಗಿತ್ತು. ಒಳಗಿನಿಂದ ಪಾತ್ರೆಗಳ ಸದ್ದಿನ ನಡುವೆ ನೀಲವ್ವ ಹಳೆಯ ರೂಢಿಯಂತೆ ಓಗೊಟ್ಟಳು: "ಬಂದೆ ತಡಿಯಽ, ಶಾಂತವ್ವ!"

ನಾನು ತಿದ್ದಲಿಲ್ಲ. ಕುಂದಾಪುರಕ್ಕೆ ಹೋದಾಗ ಈಗ ನನ್ನ ಹೆಸರು ಹಿಡಿದು ಕರೆದರೆ, ತಿರುಗಿ ನೋಡಲು ಕೊಂಚ ತಡವಾಗುತ್ತದೆ.