ನೋಡಿದವರನ್ನು ಕೇಳುತ್ತಿದ್ದ ಡಾಕ್ಟರು

ದೊಡ್ಡ ಡಾಕ್ಟರೊಬ್ಬರು ಕೂತ ಕುರ್ಚಿಯಲ್ಲೇ ಬಾಯಿ ಸೊಟ್ಟ ಮಾಡಿ, ಕುತ್ತಿಗೆ ಎಡಕ್ಕೆ ತಿರುಗಿಸಿ, ಕೈಯನ್ನು ಕಟ್ಟಿಗೆಯಂತೆ ಸೆಟೆಸಿ, “ಹಿಂಗೋ? ಇಲ್ಲಾ ಹಿಂಗೋ?” ಎಂದು ಕೇಳಿದರೆ ಮೊದಲ ಸಲ ಬಂದವರು ಹೆದರದೆ ಏನು ಮಾಡಿಯಾರು? ನಮ್ಮವ್ವ ಎದ್ದೇ ನಿಂತಿದ್ದಳು. “ಯಪ್ಪಾ, ಸಾಹೇಬ್ರಿಗೇ ಬಂತಲ್ಲೋ!”

ಅವರು ನರರೋಗದ ಡಾಕ್ಟರು. ಮೂರ್ಛೆರೋಗವನ್ನೇ ವಿಶೇಷವಾಗಿ ಓದಿದವರು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸಿಂಧನೂರು, ಮಧ್ಯಾಹ್ನ ಮಸ್ಕಿ, ಹೊತ್ತಿಳಿದ ಮೇಲೆ ಲಿಂಗಸುಗೂರು. ಹುಟ್ಟಿದ್ದು ಈ ಕಡೆಯೇ ಆದ್ದರಿಂದ ಮಾತೂ ನಮ್ಮದೇ. ಹೆಸರು ಬರೆದರೆ ಅವರಿಗೆ ಸೇರುವುದಿಲ್ಲ. ನಮ್ಮ ಮಂದಿಗೂ ಹೆಸರು ಬೇಕಾಗಿರಲಿಲ್ಲ, ಎಲ್ಲರಿಗೂ ಅವರು ‘ಫಿಟ್ಸ್ ಡಾಕ್ಟ್ರು’.

ನಾನಾಗ ಬಿ.ಎಸ್ಸಿ. ಮೊದಲ ವರ್ಷ. ಅಪ್ಪ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಸಾಲಗುಂದದಿಂದ ಸಿಂಧನೂರಿಗೆ ಬರುವ ಬಸ್ಸಿನಲ್ಲಿ ಒಂದು ಬೆಳಿಗ್ಗೆ ಬಿದ್ದೆನಂತೆ. ಎಚ್ಚರಾದಾಗ ಕೈಯಲ್ಲಿ ಯಾರದೋ ಕೀಲಿಗೊಂಚಲು, ಮೂಗಿನ ಹತ್ತಿರ ಯಾರದೋ ಚಪ್ಪಲಿ.

“ಬಿದ್ದಾಗ ಏನಾತು?” ಡಾಕ್ಟರು ಕೇಳಿದರು.

“ಗೊತ್ತಿಲ್ರೀ.”

“ನಿನಗ ಹೆಂಗ ಗೊತ್ತಾಗಬೇಕು! ಆ ಹೊತ್ತಿನ್ಯಾಗ ನೀ ಅಲ್ಲಿ ಇದ್ದೇನು? ನೋಡಿದವ್ರು ಯಾರು?”

“ಇಕಿ ಗೆಳತಿ ಶಬಾನಾ ಅಂತ ಅದಾಳ್ರೀ, ಬಸ್ಸಿನ್ಯಾಗ ಸಂಗಾಟ ಬರ್ತಾಳ,” ಎಂದಳು ಅವ್ವ.

“ಮತ್ತ ಆಕಿನ್ನ ಬಿಟ್ಟು ಇಕಿನ್ನ್ಯಾಕ ಕರಕೊಂಡು ಬಂದೀಯವಾ?”

ಮುಂದಿನ ತಿಂಗಳು ಶಬಾನಾ ಬಂದಳು. ಡಾಕ್ಟರು ಸೆಟೆದು ತೋರಿಸಿದರು, ಇವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಅಲ್ರೀ ಸಾಹೇಬ್ರ, ಮೊದ್ಲು ಕಣ್ಣು ತಿರುಗಿದ್ವು, ಆಮ್ಯಾಲ ಕೈ. ನೀವು ಉಲ್ಟಾ ಮಾಡಾಕತ್ತೀರಿ.” ಡಾಕ್ಟರು ಎರಡನೇ ಸಲ ಮಾಡಿದರು. ಅವಳು ತಲೆಯಾಡಿಸಿದಳು. ಬಾಗಿಲಲ್ಲಿ ಇಣುಕುತ್ತಿದ್ದವರು ನಕ್ಕರು, ನಾನೂ ನಕ್ಕೆ. ಬಿದ್ದ ದಿನದಿಂದ ನಾನು ನಕ್ಕಿರಲಿಲ್ಲ.

ಗುಳಿಗೆ ಬರೆದುಕೊಟ್ಟು ಶಬಾನಾಳಿಗೇ ಹೇಳಿದರು. “ಕೀಲಿ ಮನಿ ಬಾಗಲಕ್ಕಿರಲಿ. ಬಿದ್ರ ಮಗ್ಗಲಕ್ಕ ಹೊರಳಿಸು. ಬಾಯಾಗ ಏನೂ ತುರಕಬ್ಯಾಡ. ಚಪ್ಲಿ ನೀನ ಹಾಕ್ಕೋ.”

ಗುಳಿಗೆ ಹಿಡಿಯಿತು. ಎರಡು ವರ್ಷ ಒಮ್ಮೆಯೂ ಬೀಳಲಿಲ್ಲ. ಕೊನೆಯ ವರ್ಷ ಬಳಗಾನೂರಿನಿಂದ ಹೆಣ್ಣು ನೋಡಲು ಬಂದರು. ಬಂದವರು ರಾತ್ರಿ ಉಳಿಯುವವರಿದ್ದರು. ಗುಳಿಗೆ ಕಂಡರೆ ಯಾವ ರೋಗ ಎಂದು ಕೇಳುತ್ತಾರೆಂದು ಅವ್ವ ಮೊದಲೇ ಅದನ್ನೆಲ್ಲ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. “ಅವ್ರು ಹೋಗೂಮಟ ತಡಕೊಳ್ಳವಾ,” ಎಂದಳು. ತಡೆದುಕೊಳ್ಳುವುದು ನನ್ನ ಕೈಯಲ್ಲಿತ್ತೇ? ಮರುದಿನ ಚಹಾದ ತಾಟು ಹಿಡಿದು ಅವರೆದುರಿಗೇ ಬಿದ್ದೆ.

ಬಂದವರು ಚಹಾ ಮುಟ್ಟದೆ ಹೋದರು. ಅದಕ್ಕೆ ನನಗೆ ದುಃಖವಾಗಲಿಲ್ಲ. ಸಂಜೆ ಅಪ್ಪ ಹೇಳಿದ ಮಾತಿಗೆ ಮಾತ್ರ ಜೀವ ಹೋದಂತಾಯಿತು. “ಕಾಲೇಜು ಸಾಕು. ಬಸ್ಸಿನ್ಯಾಗ ಬಿದ್ದು ಸತ್ತರ ಯಾರು ನೋಡ್ತಾರ? ಮನ್ಯಾಗಿರು.” ಪರೀಕ್ಷೆ ಹತ್ತಿರವಿತ್ತು. ಅತ್ತು ಕರೆದೆ, ಊಟ ಬಿಟ್ಟೆ. ಅಪ್ಪ ಜಗ್ಗಲಿಲ್ಲ.

ಆ ಭಾನುವಾರ ಮೂವರೂ ಡಾಕ್ಟರ ಮುಂದೆ ಕೂತೆವು. ನಡೆದದ್ದನ್ನೆಲ್ಲ ನಾನೇ ಹೇಳಿದೆ. ಬೈಯುತ್ತಾರೆಂದು ಅವ್ವ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಅವರು ಬೈಯಲಿಲ್ಲ. “ಅಕ್ಕಿಗೆ ಗುಳಿಗಿ ನುಂಗಿಸಿದ್ಯಾ? ಅಕ್ಕಿಗೇನು ಫಿಟ್ಸ್ ಬಂದಿದ್ವೇನವಾ?” ಎಂದರು. ಅವ್ವನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಡಾಕ್ಟರು ಅಪ್ಪನ ಕಡೆ ತಿರುಗಿದರು.

“ಕಾಲೇಜು ಬಿಡಸ್ತೀರಂತ. ಮನ್ಯಾಗ ಏನು ಮಾಡ್ತಾಳ?”

“ಅಡಿಗಿ ಮಾಡ್ತಾಳ್ರೀ. ಬಟ್ಟಿ-ಬರಿ ಒಗೀತಾಳ.”

“ಅಡಿಗಿ ಯಾತರ ಮ್ಯಾಲ?”

“ಕಟ್ಟಿಗಿ ಒಲಿರೀ.”

“ಬಟ್ಟಿ ಎಲ್ಲಿ ಒಗೀತಾಳ?”

“ಕಾಲುವ್ಯಾಗ್ರೀ,” ಎಂದ ಅಪ್ಪ.

“ಬಸ್ಸಿನ್ಯಾಗ ಬಿದ್ರ ಎತ್ತಾಕ ಐವತ್ತು ಮಂದಿ ಅದಾರ. ಒಲಿ ಮುಂದ ಒಬ್ಬಾಕಿನ ಬಿದ್ರ? ಕಾಲುವ್ಯಾಗ ಬಿದ್ರ? ನೀವು ಮಗಳನ್ನ ಜ್ವಾಕಿ ಮಾಡಾಕ ಹೊಂಟೀರಿ, ಖರೆ. ಆದ್ರ ಎಲ್ಲಿ ಇಡಾಕ ಹೊಂಟೀರಿ ನೋಡ್ರಿ.”

ಅಪ್ಪ ಎದ್ದು ಬಾಗಿಲು ದಾಟಿದ ಮೇಲೆ ನನ್ನ ಮುಖ ನೋಡದೆಯೇ ಹೇಳಿದ. “ನಾಳೆ ಬಸ್ಸಿನ ಹೊತ್ತಿಗೆ ಏಳು.”

ಪರೀಕ್ಷೆ ಬರೆದೆ, ಪಾಸಾದೆ. ಬಿ.ಎಡ್. ಕೂಡ ಆಯಿತು. ಈಗ ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಸಿಕ್ಕಿದ್ದಲ್ಲ.

ಕೆಲಸ ಸಿಕ್ಕ ಮೇಲೆ ಡಾಕ್ಟರು ಗುಳಿಗೆಯನ್ನು ಸಾವಕಾಶ ಇಳಿಸುತ್ತ ಬಂದು, ಪೂರ್ತಿ ನಿಲ್ಲಿಸಿ, ಮತ್ತೊಂದು ವರ್ಷ ಕಾದು ನೋಡಿದರು. ಕೊನೆಯ ಸಲ ಹೋದಾಗ ಹೊರಗೆ ಬೆಂಚು ತುಂಬಿ, ಜನ ನೆಲದ ಮೇಲೂ ಕೂತಿದ್ದರು.

“ಇನ್ನ ಬರಬ್ಯಾಡವಾ,” ಎಂದರು.

“ಸುಮ್ನ ಮಾತಾಡ್ಸಾಕ ಬರ್ತೀನ್ರೀ.”

“ನೀ ಮಾತಾಡ್ಸಾಕ ಬಂದ್ರ ಹೊರಗ ಕುಂತಾಕಿ ಇನ್ನಷ್ಟು ಹೊತ್ತು ಕುಂದ್ರಬೇಕು. ಸಾಲ್ಯಾಗ ಮಕ್ಕಳು ಅದಾವಲ್ಲ, ಅವನ್ನ ಮಾತಾಡ್ಸು. ನಡಿ.”

ಕಾಲು ಮುಟ್ಟಲು ಬಗ್ಗಿದೆ. ಅಷ್ಟರಲ್ಲಿ ಅವರು ಮುಂದಿನವರನ್ನು ಕರೆದಿದ್ದರು.

ಅವರು ಇಂದಿಗೂ ಮಸ್ಕಿಗೆ ಬರುತ್ತಾರೆ, ನಮ್ಮ ಶಾಲೆಯಿಂದ ಕೂಗಳತೆಯ ದೂರದಲ್ಲೇ ಕೂರುತ್ತಾರೆ. ನೋಡಬೇಕೆಂದು ಬಹಳ ಸಲ ಅನಿಸಿದೆ. ಹೋಗಿಲ್ಲ.