ಫೋಟೋದ ಕೆಳಗಿನ ಒಂದು ಸಾಲು

ನಾನು ಫೋಟೋಗಳ ಕೆಳಗೆ ಬರೆಯುವವನು. ಇದೂ ಒಂದು ಉದ್ಯೋಗವೇ ಎಂದು ನೀವು ಕೇಳಬಹುದು. ಅಲ್ಲ, ಚಟ. ಜಮಖಂಡಿಯ ನಮ್ಮ ಯುವಕ ಸಂಘದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೈಗುಣವಿತ್ತು. ಒಬ್ಬ ಎಲ್ಲಿಂದಲಾದರೂ ಟ್ರ್ಯಾಕ್ಟರ್ ಹೊಂದಿಸಿ ತರುತ್ತಿದ್ದ, ಇನ್ನೊಬ್ಬ ಇನ್ನೂರು ಜನಕ್ಕೆ ಉಪ್ಪಿಟ್ಟು ಮಾಡಿ ಇಳಿಸುತ್ತಿದ್ದ, ಕಾರ್ಯದರ್ಶಿ ಬೀರಪ್ಪ ಯಾವ ಆಫೀಸಿನ ಬಾಗಿಲನ್ನೂ ನಗುನಗುತ್ತಲೇ ತೆಗೆಸುತ್ತಿದ್ದ. ನನಗೆ ಇದ್ಯಾವುದೂ ಬಾರದು. ಧಾರವಾಡದಲ್ಲಿ ಎಂ.ಎ. ಓದಿ ಬಂದವನೆಂದು ‘ಮಾಸ್ತರ’ ಅಂತ ಕರೆದು, ನನ್ನನ್ನು ಭಾರ ಎತ್ತುವ ಕೆಲಸಗಳಿಂದ ಗೌರವಪೂರ್ವಕವಾಗಿ ದೂರವಿಟ್ಟು, ಫೋಟೋ ತೆಗೆದು, ಕೆಳಗೊಂದು ಸಾಲು ಬರೆದು, ವಾಟ್ಸಾಪ್ ಗುಂಪುಗಳಿಗೆ ಹಾಕುವ ಖಾತೆಯನ್ನು ವಹಿಸಿದ್ದರು.

ಈಗ ಹೇಳಹೊರಟಿರುವ ಪ್ರಸಂಗದಲ್ಲಿ ಫೋಟೋದ ಕೆಳಗಿನ ಸಾಲನ್ನು ಬರೆದವನು ಬೀರಪ್ಪ ಎಂದು ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಹೇಳುತ್ತ ಹೇಳುತ್ತ ನಂಬಿಯೂ ಬಿಟ್ಟಿದ್ದೆ. ಮೊನ್ನೆ ಹಳೆಯ ಡೈರಿ ತೆಗೆದರೆ ನನ್ನದೇ ಅಕ್ಷರದಲ್ಲಿ, ‘ಇಂದು ನಲವತ್ತು ಫೋಟೋ ಹಾಕಿದೆ, ಎಲ್ಲದಕ್ಕೂ ಸಾಲು ನಾನೇ ಬರೆದೆ’ ಎಂದಿದೆ. ಅದೂ ಹೆಮ್ಮೆಯಿಂದ. ನೆನಪು ಬಹಳ ಚತುರ ವಕೀಲ. ತನ್ನ ಕಕ್ಷಿದಾರನನ್ನು ಬಿಡಿಸಿಕೊಳ್ಳಲು ಪಕ್ಕದಲ್ಲಿ ನಿಂತವನನ್ನೇ ಸಿಕ್ಕಿಸುತ್ತದೆ.

ಅದು ಕೃಷ್ಣೆಯ ನೀರು ದಂಡೆ ಮೀರಿದ ವರ್ಷ. ಗಲಗಲಿ ಕಡೆಯ ಒಂದಷ್ಟು ಕುಟುಂಬಗಳು ಎತ್ತರದಲ್ಲಿದ್ದ ಶಾಲೆಯೊಂದರಲ್ಲಿ ಬಂದು ಉಳಿದಿದ್ದವು. ನಮ್ಮ ಸಂಘ ಅಕ್ಕಿ, ಬೇಳೆ, ಬಟ್ಟೆ ಕೂಡಿಸಿಕೊಂಡು ಟೆಂಪೋದಲ್ಲಿ ಹೊರಟಿತು. ಬನಹಟ್ಟಿಯ ನೇಕಾರಳಾದ ಶಾಂತವ್ವನೂ ನಮ್ಮೊಂದಿಗೆ ಬಂದಳು. ತನ್ನ ಮನೆಯ ಮಗ್ಗದ ಮೇಲೆ ನೇಯ್ದ ಹತ್ತು ಸೀರೆಗಳನ್ನು ಗಂಟು ಕಟ್ಟಿ ತಂದಿದ್ದಳು. ಶಾಲೆಯ ಪಡಸಾಲೆಯಲ್ಲಿ ಆ ಗಂಟನ್ನು ಆಕೆ ಬೀರಪ್ಪನ ಕೈಗೆ ಕೊಡುವಾಗ ನಾನು ಫೋಟೋ ತೆಗೆದೆ. ಆಕೆಯ ತಲೆಯ ಮೇಲೆ ಸೆರಗು, ಭಾರಕ್ಕೆ ತುಸು ಬಾಗಿದ ಬೆನ್ನು. ಬೀರಪ್ಪನೋ, ಎಲ್ಲ ಕಾರ್ಯದರ್ಶಿಗಳಂತೆ, ಗಂಟನ್ನು ನೋಡದೆ ಕ್ಯಾಮೆರಾವನ್ನೇ ನೋಡಿ ನಗುತ್ತಿದ್ದಾನೆ. ಹಿಂದೆ ಚಾಪೆಯ ಮೇಲೆ ಕುಳಿತ ಸಂತ್ರಸ್ತರು.

ಮರಳುವಾಗ, ಜಮಖಂಡಿ ಮುಟ್ಟುವಷ್ಟರಲ್ಲಿ, ಕುಲುಕುವ ಟೆಂಪೋದಲ್ಲೇ ನಲವತ್ತೂ ಫೋಟೋಗಳಿಗೆ ಸಾಲು ಬರೆದು ಕಳಿಸಿದೆ. ಶಾಂತವ್ವನ ಫೋಟೋದ ಕೆಳಗೆ ಬರೆದದ್ದು: ‘ನೆರೆಯಲ್ಲಿ ಮನೆ ಕಳೆದುಕೊಂಡ ಮಹಿಳೆಗೆ ಸೀರೆ ನೀಡುತ್ತಿರುವ ನಮ್ಮ ಕಾರ್ಯದರ್ಶಿ.’

ಎರಡು ತಾಸಿನ ಹಿಂದೆ ಕಣ್ಣಾರೆ ಕಂಡಿದ್ದೆ. ಆದರೂ ಬೆರಳು ಕಣ್ಣನ್ನು ಕೇಳಲಿಲ್ಲ. ಫೋಟೋವನ್ನು ಕೇಳಿತು. ಫೋಟೋದಲ್ಲಿ ಬಾಗಿದವಳು ತೆಗೆದುಕೊಳ್ಳುವವಳು, ನಗುವವನು ಕೊಡುವವನು. ನಮ್ಮ ನಾಡಿನಲ್ಲಿ ದಾನದ ಕಲ್ಲುಗಳು ಬೇಕಾದಷ್ಟಿವೆ. ಅವುಗಳಲ್ಲಿ ಕೊಟ್ಟವರ ಹೆಸರು, ಪಡೆದವರ ಹೆಸರು, ಭೂಮಿಯ ಎಲ್ಲೆ ಎಲ್ಲ ಇದ್ದು, ಕೊನೆಗೆ ಕೆಡಿಸಿದವನಿಗೊಂದು ಶಾಪವೂ ಇರುತ್ತದೆ. ಓದುವಾಗ ಶಾಪ ಅತಿಯಾಯಿತೇನೋ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಕಲ್ಲು ಕಡಿಯುವವನಿಗೆ ಒಂದೊಂದು ಅಕ್ಷರಕ್ಕೂ ನಾಲ್ಕಾರು ಏಟು ಹಾಕಬೇಕಿತ್ತು. ಏಟಿಗೂ ಏಟಿಗೂ ನಡುವೆ, ‘ಇದು ಖರೆಯೇ?’ ಎಂದು ಕೇಳಿಕೊಳ್ಳಲು ಪುರುಸೊತ್ತು ಸಿಗುತ್ತಿತ್ತು. ನನ್ನ ಹೆಬ್ಬೆರಳಿಗೆ ಅಂಥ ಪುರುಸೊತ್ತು ಕೊಟ್ಟವರಿಲ್ಲ.

ನಾಲ್ಕನೆಯ ದಿನ ಶಾಂತವ್ವ ಬಸ್ಸು ಹಿಡಿದು ಸಂಘದ ಕೋಣೆಗೆ ಬಂದಳು. ಕೂಡಲು ಕುರ್ಚಿ ಕೊಟ್ಟರೆ ಕೂಡಲಿಲ್ಲ.

“ನಮ್ಮ ಮನಿ ಯಾವ ಹೊಳಿಯಾಗ ಹೋತ್ರಿ ಮಾಸ್ತರ? ಬನಹಟ್ಟ್ಯಾಗ ಇನ್ನೂ ನಿಂತೈತಿ. ಬೆಳಗ್ಗೆ ಕೀಲಿ ಹಾಕಿ ಬಂದೇನಿ.”

ಆಗಲೇ ನಮಗೆ ವಿಷಯ ತಿಳಿದದ್ದು. ಆಕೆಯ ಮಗಳು ಸಾವಿತ್ರಿಗೆ ಮುಧೋಳದ ಒಂದು ಮನೆತನದೊಂದಿಗೆ ಮಾತು ಕೂಡಿಬಂದಿತ್ತು. ನಿಶ್ಚಯದ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ನನ್ನ ಫೋಟೋ ಮುಧೋಳ ಮುಟ್ಟಿತು. ‘ಸ್ವಂತ ಮನೆ ಇದೆ, ಎರಡು ಮಗ್ಗ ಇವೆ ಎಂದವರು ಶಾಲೆಯಲ್ಲಿ ನಿಂತು ಸೀರೆ ತೆಗೆದುಕೊಳ್ಳುತ್ತಿದ್ದಾರೆ. ಇಷ್ಟು ಸುಳ್ಳು ಹೇಳಿದವರು ಇನ್ನೇನೇನು ಹೇಳಿದ್ದಾರೋ’ ಎಂದು ಅವರು ‘ಸ್ವಲ್ಪ ತಡೀರಿ’ ಅಂತ ಹೇಳಿಕಳಿಸಿದ್ದರು. ಬಡತನಕ್ಕೆ ಹಿಂದೆ ಸರಿದಿದ್ದರೆ ಅವರನ್ನು ಬೈದು ನಾವು ಹಗುರಾಗಬಹುದಿತ್ತು. ಸುಳ್ಳಿಗೆ ಹಿಂದೆ ಸರಿದಿದ್ದರು. ಸುಳ್ಳು ನನ್ನದು.

ಬೀರಪ್ಪ ಅಲ್ಲೇ ಒಂದು ತಿದ್ದುಪಡಿ ಬರೆಸಿ ಗುಂಪಿಗೆ ಹಾಕಿಸಿದ. ಅದಕ್ಕೆ ಸಿಕ್ಕಿದ್ದು ಎರಡು ಹೆಬ್ಬೆಟ್ಟು. ಅವುಗಳಲ್ಲಿ ಒಂದು ಬೀರಪ್ಪನದು, ಇನ್ನೊಂದು ನನ್ನದು.

“ಅದು ಊರೂರು ತಿರುಗೇತಿ, ಇದು ಇಲ್ಲೇ ಕುಂತೈತಿ,” ಎಂದಳು ಶಾಂತವ್ವ. “ಯಾರ್‍ಯಾರಿಗೆ ಕಳಿಸೀರಿ, ಅವರವರ ಮನಿಗೆ ಹೋಗಿ ಬಾಯಿಲೆ ಹೇಳಿಬರ್ರಿ.”

“ಎಲ್ಲಾರ ಮನಿಗೇನ್ರಿ ಅಕ್ಕಾರ?” ಬೀರಪ್ಪನ ನಗು ಮೊದಲ ಸಲ ಮಾಸಿತು.

“ಕಳಿಸುವಾಗ ಎಲ್ಲಾರಿಗೂ ಕಳಿಸಿದೆಲ್ಲೋ ತಮ್ಮಾ.”

ಹೊರಡುವಾಗ ಬಾಗಿಲಲ್ಲಿ ನಿಂತು ಆಕೆ ಇನ್ನೊಂದು ಮಾತು ಹೇಳಿದಳು. “ನನ್ನ ಫೋಟೋದ ಬುಡಕ ತಪ್ಪು ಬರದೀರಿ ಅಂತ ನಾ ಜಗಳಾಡಾಕ ಬಂದೆ. ಖರೇನ ಕೈಯೊಡ್ಡಿ ಸೀರಿ ತಗೊಂಡಾಕಿ ಎಲ್ಲಿ ಹೋಗಿ ಜಗಳಾಡಬೇಕು? ಆಕಿಗೂ ಬೀಗರು ಇರ್ತಾರಲ್ಲ?”

ಉಳಿದ ಮೂವತ್ತೊಂಬತ್ತು ಫೋಟೋಗಳನ್ನು ಅಂದು ನಾವು ಮತ್ತೆ ನೋಡಿದೆವು. ಸಾಲುಗಳೆಲ್ಲ ಸರಿಯಾಗಿಯೇ ಇದ್ದವು. ಸರಿಯಾಗಿದ್ದದ್ದೇ ನಾಚಿಕೆ ತಂದಿತು. ಯಾರನ್ನೂ ನಾವು ಕೇಳಿರಲಿಲ್ಲ. ನೆಲ ನೋಡುತ್ತಿದ್ದ ಮುಖಗಳನ್ನೂ ಬೆಳಕಿಗೆ ಹಿಡಿದು ತೆಗೆದಿದ್ದೆವು.

ಭಾನುವಾರ ಬೆಳಗ್ಗೆ ಸಂಘದ ಹುಡುಗರೆಲ್ಲ ಬೈಕುಗಳಲ್ಲಿ ಹೊರಟೆವು. ಪ್ರತಿಯೊಬ್ಬನೂ ತಾನು ಯಾರಿಗೆ ಕಳಿಸಿದ್ದನೋ ಅವರ ಮನೆಗೆ ಹೋಗಿ, ನಿಜ ಹೇಳಿ, ಎದುರಿಗೇ ಫೋಟೋ ಅಳಿಸಿ, ಅವರು ಮುಂದೆ ಕಳಿಸಿದ್ದವರ ಹೆಸರು ಕೇಳಿಕೊಂಡು ಅಲ್ಲಿಗೂ ಹೋಗಬೇಕು. ಒಂದು ಬೆರಳಿನಿಂದ ಆದ ಕೆಲಸವನ್ನು ಬಿಚ್ಚಲು ಎಷ್ಟು ಕಾಲು ಬೇಕೆಂದು ಅಂದು ಗೊತ್ತಾಯಿತು. ಸಾವಳಗಿಯಲ್ಲಿ ಬೀರಪ್ಪನ ಸೋದರಮಾವ ಫೋಟೋ ಅಳಿಸಲು ಸುತರಾಂ ಒಪ್ಪಲಿಲ್ಲ.

“ಫೋಟೋದಾಗ ಹುಡುಗ ಎಷ್ಟ ಛಲೋ ಬಿದ್ದಾನಲೇ! ಇದನ್ನ ತೋರಿಸೇ ಇವಗ ಹೆಣ್ಣು ಹುಡುಕಾಕತ್ತೇನಿ.”

“ಮಾವಾ, ನನಗ ಹೆಣ್ಣು ಸಿಗಲಿ ಅಂತ ಇನ್ನೊಬ್ಬರ ಹೆಣ್ಣಿನ ಮದವಿ ಮುರೀಬೇಕೇನು?” ಎಂದು ಬೀರಪ್ಪ ಕೈ ಮುಗಿದ. ಮಾವ ಅಳಿಸಿದ. ಬೀರಪ್ಪ ಅಷ್ಟು ಒಳ್ಳೆಯ ಮಾತನ್ನು ಸಂಘದ ಯಾವ ಭಾಷಣದಲ್ಲೂ ಆಡಿರಲಿಲ್ಲ. ಆಡಿದ್ದು ನಾನೇ ಎಂದು ಮುಂದೊಂದು ದಿನ ನನ್ನ ನೆನಪು ವಾದಿಸಬಹುದು, ಪುಣ್ಯಕ್ಕೆ ಅಂದೇ ಡೈರಿಯಲ್ಲಿ ಅವನ ಹೆಸರಿನ ಮುಂದೆ ಬರೆದಿಟ್ಟಿದ್ದೇನೆ.

ಮುಧೋಳದ ಮನೆಗೆ ಮಧ್ಯಾಹ್ನ ಬೀರಪ್ಪ, ನಾನು ಇಬ್ಬರೇ ಹೋದೆವು. ವರನ ಅಜ್ಜಿ ಪಡಸಾಲೆಯಲ್ಲಿ ಕುಳಿತಿದ್ದಳು. ನಾನು ಇಡೀ ದಾರಿ ಮನಸ್ಸಿನಲ್ಲೇ ಸಿದ್ಧಪಡಿಸಿಕೊಂಡಿದ್ದ ವಾಕ್ಯಗಳು ಹೊಸ್ತಿಲಾಚೆಯೇ ಉಳಿದವು. “ಅಜ್ಜಿ, ಅದು ನಾ ಬರೆದ ಸುಳ್ಳು ಐತ್ರಿ. ಆಕಿ ತಗೊಂಡಿದ್ದಲ್ಲ, ಕೊಟ್ಟಿದ್ದು,” ಎಂದಷ್ಟೇ ಹೇಳಿದೆ.

ಅಜ್ಜಿ ಮೊಮ್ಮಗನ ಫೋನು ತರಿಸಿ, ಫೋಟೋ ದೊಡ್ಡದು ಮಾಡಿಸಿ, ಕಣ್ಣಿನ ಹತ್ತಿರ ಹಿಡಿದಳು. ಮುಖಗಳನ್ನಲ್ಲ, ಕೈಗಳನ್ನು ನೋಡಿದಳು.

“ಆಕಿ ಎರಡೂ ಕೈ ಗಂಟಿನ ಬುಡಕ ಅದಾವ. ಭಾರ ಎಲ್ಲಾ ಆಕಿ ಮ್ಯಾಲೇ ಐತಿ,” ಎಂದವಳು ಬೀರಪ್ಪನ ಕಡೆ ತಿರುಗಿದಳು. “ನೀ ಬರೇ ಮ್ಯಾಲ ಅಂಗೈ ಇಟ್ಟು ನಕ್ಕೋಂತ ನಿಂತೀಯಲ್ಲೋ! ಕೊಡಾವ ಹಿಂಗ ನಿಲ್ತಾನೇನು?”

ಅಷ್ಟೂ ದಿನ, ಅಷ್ಟೂ ಜನ ನೋಡಿದ ಫೋಟೋ ಅದು. ನನ್ನ ಎಂ.ಎ.ಗೆ ಕಾಣದ ಭಾರ ಅಜ್ಜಿಗೆ ಕಂಡಿತ್ತು. ಆದರೂ ಆಕೆ ಗೆದ್ದವಳಂತೆ ಬೀಗಲಿಲ್ಲ. “ಬರೆದದ್ದು ಓದಿ ಹೇಳಿದ್ರು, ನಾ ನಂಬಿದೆ. ಬಸ್ಸು ಹತ್ತಿ ಹೋಗಿ ಕೇಳಬೇಕಿತ್ತು ನಾನೂ,” ಎಂದಳು. ಆಮೇಲೆ ಒಳಗೆ ಕೂಗಿ, “ರೊಟ್ಟಿ ಬಡೀರಿ, ಇಬ್ಬರು ಜಾಸ್ತಿ ಅದಾರ,” ಅಂದಳು. ಆ ಜೋಳದ ರೊಟ್ಟಿ, ಎಣಗಾಯಿ ಪಲ್ಯದ ರುಚಿಯ ವಿಷಯದಲ್ಲಿ ಮಾತ್ರ ನನ್ನ ನೆನಪನ್ನು ನಾನು ಪೂರ್ತಿ ನಂಬುತ್ತೇನೆ.

ಮರುದಿನವೇ ಅಜ್ಜಿ ಬನಹಟ್ಟಿಗೆ ಹೋಗಿ ಶಾಂತವ್ವನ ಮನೆಯಲ್ಲಿ ಚಹಾ ಕುಡಿದು, ಮಗ್ಗಗಳನ್ನು ಕೈಯಾರೆ ಮುಟ್ಟಿ ಬಂದಳು. ಅಂದಿನಿಂದ ನಮ್ಮ ಸಂಘದಲ್ಲೂ ಒಂದು ರೂಢಿ ಬಂತು. ಪಡೆಯುವವರ ಮುಖದ ಫೋಟೋ ಇಲ್ಲ. ಬೇರೆ ಯಾರ ಫೋಟೋ ಆದರೂ, ಅವರನ್ನು ಕೇಳಿ, ಕೆಳಗಿನ ಸಾಲನ್ನು ಅವರಿಗೆ ಓದಿ ತೋರಿಸಿ, ಅವರು ಹೂಂ ಅಂದಮೇಲೆ ಕಳಿಸುವುದು. ಇದರಿಂದ ಫೋಟೋಗಳು ಬಹಳ ಕಡಿಮೆಯಾದವು. ಬೀರಪ್ಪನಂತೂ ಸೊರಗಿಹೋದ. ಆದರೆ ಮುಂದೆ ನಾವು ಯಾವ ಊರಿಗೆ ಹೋದರೂ ಜನ ಮುಖ ಮರೆಮಾಡದೆ ಮಾತಾಡಿಸತೊಡಗಿದರು.

ನಿಶ್ಚಯಕ್ಕೆ ಸಂಘದವರೆಲ್ಲ ಬನಹಟ್ಟಿಗೆ ಹೋದೆವು. ಒಬ್ಬನೂ ಜೇಬಿನಿಂದ ಫೋನು ತೆಗೆಯಲಿಲ್ಲ. ಅಜ್ಜಿ ಸಾವಿತ್ರಿಯ ಉಡಿ ತುಂಬುತ್ತಿದ್ದಳು, ಶಾಂತವ್ವ ಪಕ್ಕದಲ್ಲಿ ನಿಂತು ತೆಂಗಿನಕಾಯಿ, ಅಕ್ಕಿ ಎತ್ತಿ ಎತ್ತಿ ಕೊಡುತ್ತಿದ್ದಳು.

“ಯಾಕೋ ಮಾಸ್ತರ, ಕೈಗೆ ಲಕ್ವಾ ಹೊಡದೈತೇನು? ತಗಿ ಫೋಟೋ,” ಎಂದಳು ಶಾಂತವ್ವ.

ತೆಗೆದೆ. ಕೆಳಗೆ ಏನು ಬರೆಯಬೇಕೆಂದು ಯೋಚಿಸುತ್ತ, ಯಾರು ಯಾರಿಗೆ ಏನು ಕೊಡುತ್ತಿದ್ದಾರೆ ಎಂದು ಈ ಸಲವಾದರೂ ತಪ್ಪಿಲ್ಲದಂತೆ ಉದ್ದನೆಯ ಸಾಲೊಂದನ್ನು ಕೂಡಿಸಿ ಆಕೆಗೆ ಓದಿ ತೋರಿಸಿದೆ. ಶಾಂತವ್ವ ಪೂರ್ತಿ ಕೇಳಿ ತಲೆ ಅಲ್ಲಾಡಿಸಿದಳು.

“ಕೊಟ್ಟೋರು ಯಾರು, ತಗೊಂಡೋರು ಯಾರು, ಅದೆಲ್ಲಾ ಬ್ಯಾಡ. ‘ಬೀಗರಾದ್ವಿ’ ಅಂತ ಇಷ್ಟ ಬರಿ.”

ಬರೆದೆ. ಅಕ್ಷರ ಕೂಡಿಸಿಕೊಂಡು ಆಕೆ ಎರಡು ಸಲ ಓದಿದಳು. ಅಜ್ಜಿಗೂ ಓದಿ ಹೇಳಿದಳು. ಆಮೇಲೆ ಅರಿಶಿನ ಮೆತ್ತಿದ ಹೆಬ್ಬೆರಳಿನಿಂದ ತಾನೇ ಒತ್ತಿ ಕಳಿಸಿದಳು.